ಬಾಗಿಲಿಗೆ ಬೋರ್ಡು ಬಂತು, ಗುಡಿಸಿ ರಂಗೋಲಿ ಹಾಕಿದ್ವಿ, ಈಗ ಚೀಟಿ ಬಂದಿದೆ. ಇದು ಬೈಗುಳಾನಾ ಹೊಗಳಿಕೇನಾ?

ಹೊಯ್ಸಳಕಟ್ಟೆ
ಎಲ್ರಿಗೂ ನಮಸ್ಕಾರ, ಇಲ್ಲಿ ನನ್ನ ಮೊದಲನೇ ಪೋಸ್ಟು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ. ನಾವು ಹಾಸನದವರು, ಇವರ ಕೆಲಸದ ಮೇಲೆ ಜರ್ಮನಿಗೆ ಬಂದು ನಾಲ್ಕೂವರೆ ತಿಂಗಳು. ಮೊದಲು ಆಫೀಸಿನವರು ಕೊಟ್ಟ ಜಾಗದಲ್ಲಿದ್ವಿ, ಸ್ಟುಟ್‌ಗಾರ್ಟ್ ಪಕ್ಕ ಎಸ್ಲಿಂಗನ್‌ನಲ್ಲಿ ಈ ಬಾಡಿಗೆ ಮನೆಗೆ ಬಂದು ಬರೀ ಮೂರು ವಾರ. ಮೂರು ಅಂತಸ್ತು, ಒಂದೊಂದರಲ್ಲೂ ಎರಡು ಮನೆ, ನಮ್ದು ನಡುವಿನ ಅಂತಸ್ತು.

ಕಳೆದ ಸೋಮವಾರ ಬಾಗಿಲ ಹಿಡಿಗೆ ಯಾರೋ ಒಂದು ಮರದ ಬೋರ್ಡ್ ನೇತು ಹಾಕಿದ್ರು, "ಕೇರ್‌ವೋಖೆ" ಅಂತ ಬರೆದಿತ್ತು. ನಮ್ಮನೆಯವರು ಯಾರದ್ದೋ ಸಾಮಾನು ತಪ್ಪಿ ಇಲ್ಲಿಗೆ ಬಂದಿದೆ ಅಂತ ತೆಗೆದು ಒಳಗೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಜೋಪಾನವಾಗಿ ಇಟ್ರು. ಬುಧವಾರ ಕೆಳಗಡೆ ಮನೆ ಅಜ್ಜಿ ಬಂದು ಬಾಗಿಲು ನೋಡಿ, ನನ್ನ ನೋಡಿ, ಚಪ್ಪಲಿ ಸ್ಟ್ಯಾಂಡ್ ನೋಡಿ, ತಾವೇ ಒಳಗೆ ಕೈ ಹಾಕಿ ಬೋರ್ಡ್ ತೆಗೆದು ವಾಪಸ್ ನೇತು ಹಾಕಿದ್ರು. ಆಮೇಲೆ ಕೈಯಲ್ಲಿ ಗುಡಿಸೋ ಥರ ಮಾಡಿ ತೋರಿಸಿದ್ರು. ಸರಿ, ಈ ವಾರ ಗುಡಿಸೋ ಪಾಳಿ ನಮ್ದು ಅಂತ ಅರ್ಥ ಆಯ್ತು.

ಶನಿವಾರ ಬೆಳಿಗ್ಗೆ ಎದ್ದು ಇಬ್ರೂ ಸೇರಿ ಬಿಲ್ಡಿಂಗ್ ಮುಂದೆ ಗೇಟ್ ತನಕ ಗುಡಿಸಿ, ನೀರು ಹಾಕಿ, ಇಷ್ಟು ಚೆನ್ನಾಗಿ ಗುಡಿಸಿದ ಮೇಲೆ ಖಾಲಿ ಬಿಡೋಕೆ ಮನಸ್ಸಾಗದೆ ಅಕ್ಕಿ ಹಿಟ್ಟಲ್ಲಿ ಏಳು ಚುಕ್ಕಿದು ಒಂದು ರಂಗೋಲಿ ಹಾಕ್ದೆ. ಭಾನುವಾರ ನೋಡಿದ್ರೆ ಅಂಚೆ ಡಬ್ಬೀಲಿ ಚೀಟಿ, ಹೆಸರಿಲ್ಲ ಸೈನಿಲ್ಲ. "ಬಿಟ್ಟೆ ಔಖ್ ಡೀ ಟ್ರೆಪ್ಪೆ!" ಅಷ್ಟೇ. ಫೋನಲ್ಲಿ ಹಾಕಿದ್ರೆ "ದಯವಿಟ್ಟು ಮೆಟ್ಟಿಲೂ ಕೂಡ!" ಅಂತ ಬರುತ್ತೆ.

ನಾನು ಹೇಳ್ತಿರೋದು, ರಂಗೋಲಿ ಇಷ್ಟ ಆಗಿದೆ, ಮೆಟ್ಟಿಲಿಗೂ ಹಾಕಿ ಅಂತಿದಾರೆ. ಇವರು ಹೇಳೋದು ಮೆಟ್ಟಿಲು ಯಾಕೆ ಗುಡಿಸಿಲ್ಲ ಅಂತ ಬೈದಿರೋದು. ಸೋತವರು ಒಂದು ವರ್ಷ ಪಾಳಿ ಮಾಡ್ಬೇಕು ಅಂತ ಪಂಥ ಆಗಿದೆ. ಗೊತ್ತಿರೋರು ಹೇಳಿ ಪ್ಲೀಸ್.

ಸುಮ್ನೆ_ನೋಡ್ತೀನಿ
ನಿಮ್ಮ ಗಂಡ ಗೆದ್ರು.

ತಿಂಡಿ_ಮೊದಲು
"ಬಿಟ್ಟೆ" ಅಂತ ಅವರೇ ಬರೆದಿದಾರಲ್ಲ ಮೇಡಂ. ಮೆಟ್ಟಿಲು ಬಿಟ್ಟೆ ಅಂತ. ಶುದ್ಧ ಕನ್ನಡ 😂

ಹಳೇ_ತಲೆ
ಸ್ಟುಟ್‌ಗಾರ್ಟಲ್ಲಿ 18 ವರ್ಷ ಆಯ್ತು, ನಾನು ಹೇಳ್ತೀನಿ ಕೇಳಿ. ಕೇರ್‌ವೋಖೇಲಿ ಎರಡು ಜಾತಿ. ಒಂದು ಸಣ್ಣದು, ಅದು ನಿಮ್ಮ ಅಂತಸ್ತಿನ ಎರಡು ಮನೆಗೆ ವಾರ ಬಿಟ್ಟು ವಾರ ಬರುತ್ತೆ, ನಿಮ್ಮ ಬಾಗಿಲ ಮುಂದಿನ ಜಾಗ ಮತ್ತು ಅಲ್ಲಿಂದ ಕೆಳಗಿನ ಅಂತಸ್ತಿನ ತನಕ ಮೆಟ್ಟಿಲು, ಕಂಬಿ, ಕಿಟಕಿ ಕಟ್ಟೆ. ಗುಡಿಸೋದಷ್ಟೇ ಅಲ್ಲ, ಒದ್ದೆ ಬಟ್ಟೇಲಿ ಒರೆಸ್ಬೇಕು. ಇನ್ನೊಂದು ದೊಡ್ಡದು, ಅದು ಇಡೀ ಬಿಲ್ಡಿಂಗಿಗೆ ಸರದಿ ಮೇಲೆ. ಹೊರಗಡೆ ದಾರಿ, ಕಸದ ಡಬ್ಬ ಇಡೋ ಜಾಗ, ನೆಲಮಾಳಿಗೆ, ಚಳಿಗಾಲದಲ್ಲಿ ಹಿಮ ಎತ್ತೋದು ಎಲ್ಲ ಸೇರಿ. ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಬೋರ್ಡು.

ನಿಮಗೆ ಬಂದಿದ್ದು ಸಣ್ಣದು ಅನ್ಸುತ್ತೆ. ನೀವು ಮಾಡಿದ್ದು ದೊಡ್ಡದು. ಅಂದ್ರೆ ನಿಮ್ಮ ಕೆಲಸ ಬಿಟ್ಟು ಬೇರೆ ಯಾರದ್ದೋ ಕೆಲಸ ಮಾಡಿ ಅದರ ಮೇಲೆ ರಂಗೋಲಿ ಬೇರೆ ಹಾಕಿದೀರಾ.

ಹೊಯ್ಸಳಕಟ್ಟೆ
ಅಯ್ಯೋ ದೇವರೇ

ಧಾರವಾಡ_ಫೇಡೆ
ಅಕ್ಕಾರ ಚಿಂತಿ ಮಾಡಬ್ಯಾಡ್ರಿ, ನಾವೂ ಹಿಂಗ ಮಾಡೀವಿ. ರಾಯ್ಟ್‌ಲಿಂಗನ್ದಾಗ ಇದ್ದಾಗ ಆ ಬೋರ್ಡ್ ನೋಡಿ ನನ್ನ ಹೇಂಡ್ತಿ "ಕೇರ್" ಅಂತ ಐತಿ, ಏನರ ಕೇರೂದಿರಬೇಕು ಅಂದ್ಲು. ಮನ್ಯಾಗ ಮರ ಇಲ್ಲ, ಜ್ವಾಳ ಇಲ್ಲ, ಏನ್ ಕೇರ್ತಿ ಅಂದೆ. ಇವರ ಭಾಷಾದಾಗ ಕೇರೂದು ಅಂದ್ರ ಕಸಾ ಹೊಡಿಯೂದು, ನಮ್ಮಲ್ಲಿ ಕೇರಿದ್ರೂ ಕಸಾನ ಹಾರ್ತೈತಿ, ಒಟ್ಟ ಎರಡೂ ಒಂದ.

ಇನ್ನೊಂದು ಮಾತು, ಈ ಕಡೆ ಮಂದಿ ಎಲ್ಲಾದಕ್ಕೂ ಕಡೀಕ "ಲೇ" ಹಚ್ತಾರ ಗಮನಿಸೀರೇನು? ಮನಿಗೆ ಹೊಯ್ಸ್‌ಲೇ, ಸ್ವಲ್ಪಕ್ಕ ಬಿಸ್‌ಲೇ, ತಿನ್ನಾಕ ಷ್ಪೆಟ್ಸ್‌ಲೇ. ಮೊದಲನೇ ವಾರ ನನಗ ಎಲ್ಲಾರೂ ಬೈದಂಗನ ಆಗ್ತಿತ್ತು, ಆಮ್ಯಾಲ ನಮ್ಮೂರಾಗ ಇದ್ದಂಗ ಆತು.

ಬರ್ಲಿನ್_ಬೋಂಡ
ಬರ್ಲಿನ್‌ಗೆ ಬನ್ನಿ ಅಂತ ಎಷ್ಟು ಸಲ ಹೇಳೋದು. ಇಲ್ಲಿ ಈ ಬೋರ್ಡೂ ಇಲ್ಲ ಗೀರ್ಡೂ ಇಲ್ಲ, ಕ್ಲೀನ್ ಮಾಡೋರು ಬರ್ತಾರೆ, ಅದರ ದುಡ್ಡು ಬಾಡಿಗೆ ಜೊತೆ ನೆಬೆನ್‌ಕೋಸ್ಟನ್‌ನಲ್ಲಿ ಹೋಗುತ್ತೆ, ಮುಗೀತು. ಸಾಫ್ಟ್‌ವೇರ್ ಬರೆಯೋಕೆ ಬಂದೋರ ಕೈಗೆ ಪೊರಕೆ ಕೊಡೋದು ನಿಮ್ಮ ಸ್ಟುಟ್‌ಗಾರ್ಟ್ ಕಡೆಯ ಸ್ವಾಬಿಯಾದಲ್ಲಿ ಮಾತ್ರ.

ಹಳೇ_ತಲೆ
@ಬರ್ಲಿನ್_ಬೋಂಡ ನಿಮ್ಮ ಬರ್ಲಿನ್ ಮೆಟ್ಟಿಲು ನೋಡಿದೀನಿ ಬಿಡಪ್ಪ. ಇಲ್ಲಿ 1492ರ ಸ್ಟುಟ್‌ಗಾರ್ಟ್ ಊರ ಕಾನೂನಲ್ಲೇ ಪ್ರತಿಯೊಬ್ಬನೂ ತನ್ನ ಮನೆ ಗೊಬ್ಬರ ವಾರಕ್ಕೊಂದು ಸಲ ಊರಾಚೆ ಸಾಗಿಸ್ಬೇಕು ಅಂತ ಇತ್ತು. ಐನೂರು ವರ್ಷದ ಅಭ್ಯಾಸ.

ಬರ್ಲಿನ್_ಬೋಂಡ
ಐನೂರು ವರ್ಷ ಆದ್ರೂ ಕಸ ಮುಗಿದಿಲ್ವಾ

ಜಯನಗರ4ನೇಬ್ಲಾಕ್
ಬೇಜಾರ್ ಮಾಡ್ಕೋಬೇಡಿ, ಒಂದು ಮಾತು. ಊರಲ್ಲಿದ್ದಾಗ ಇದೇ ಜನಕ್ಕೆ ಮನೆ ಮುಂದೆ ಗುಡಿಸೋಕೆ ಕೆಲಸದವರು ಬೇಕು, ಒಂದು ದಿನ ಅವರು ಬರದಿದ್ರೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಇಪ್ಪತ್ತು ಮೆಸೇಜು. ಅಲ್ಲಿ ಹೋಗಿ ಮೆಟ್ಟಿಲು ಒರೆಸೋದನ್ನ ಅಡ್ವೆಂಚರ್ ಅಂತ ಬರೀತೀರಾ.

ಹೊಯ್ಸಳಕಟ್ಟೆ
ಸಾರ್ ನಮ್ಮಮ್ಮ ಇವತ್ತಿಗೂ ತಾವೇ ಗುಡಿಸಿ ಸಾರಿಸ್ತಾರೆ. ನಾನು ಮಾಡ್ತಿರಲಿಲ್ಲ ಅನ್ನೋದು ನಿಜ, ಒಪ್ಕೋತೀನಿ. ಇವರಂತೂ ಪೊರಕೆ ಯಾವ ಕಡೆಯಿಂದ ಹಿಡಿಯೋದು ಅಂತ ಇಲ್ಲಿಗೆ ಬಂದ ಮೇಲೆ ಕಲಿತಿದ್ದು.

ಹಾಸನ_ಎಕ್ಸ್‌ಪ್ರೆಸ್
ನಾನೇ ಆ "ಇವರು". ಮೂರು ಜನ ನಾನು ಗೆದ್ದೆ ಅಂದಿದಾರೆ, ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ. ಮತ್ತೆ ಇವಳು ಹೇಳದೆ ಇರೋ ವಿಷಯ ಒಂದಿದೆ. ಬಂದ ಹೊಸದರಲ್ಲಿ ಇವಳೇ ಕ್ವಾರ್ಕ್ (ಇಲ್ಲಿನ ಮೆತ್ತನೆ ಹಸಿ ಚೀಸ್) ಡಬ್ಬ ತಂದು ಗಟ್ಟಿ ಮೊಸರು ಸಿಕ್ತು ಅಂತ ಕುಣಿದಾಡಿ, ಅರ್ಧ ಕೇಜಿ ಅನ್ನಕ್ಕೆ ಕಲಸಿ, ಒಗ್ಗರಣೆ ಹಾಕಿ, ದಾಳಿಂಬೆ ಉದುರಿಸಿ ಮೊಸರನ್ನ ಮಾಡಿದ್ಲು. ಬಾಯಿಗಿಟ್ರೆ ಅಂಗುಳಕ್ಕೆ ಅಂಟ್ಕೊಂಡಿತು, ಮಾತಾಡೋಕಾಗಲಿಲ್ಲ. ಎರಡು ದಿನ ತಿಂದ್ವಿ.

ಹೊಯ್ಸಳಕಟ್ಟೆ
ಎರಡು ದಿನ ಚಪ್ಪರಿಸಿ ತಿಂದು ಈಗ ಬರೀತಿದೀರಾ? ಹಾಗಾದ್ರೆ ಬಾಟ್ಲಿ ಕಥೆ ನಾನೂ ಹೇಳ್ತೀನಿ. ಇಲ್ಲಿ ನೀರಿನ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಡೆಪಾಸಿಟ್ ಇರುತ್ತೆ, ಖಾಲಿ ಬಾಟ್ಲಿ ಅಂಗಡಿ ಮೆಷಿನ್ನಿಗೆ ಹಾಕಿದ್ರೆ ಚೀಟಿ ಬರುತ್ತೆ, ಕೌಂಟರಲ್ಲಿ ಕೊಟ್ರೆ ದುಡ್ಡು. ಇವರು ಜಾಗ ಉಳೀಲಿ ಅಂತ 14 ಬಾಟ್ಲೀನೂ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಚೀಲದಲ್ಲಿ ತುಂಬ್ಕೊಂಡು ಹೋದ್ರು. ಮೆಷಿನ್ ಒಂದೊಂದನ್ನೂ ಒಳಗೆ ಎಳೆದು, ತಿರುಗಿಸಿ ನೋಡಿ, ವಾಪಸ್ ಉಗೀತು. ಹಿಂದೆ ಆರು ಜನ ಕ್ಯೂ. ಇವರು ಅಲ್ಲೇ ನಿಂತು ಬಾಯಿ ಹಾಕಿ ಊದಿ ಊದಿ ಬಾಟ್ಲಿ ಸರಿ ಮಾಡೋಕೆ ನೋಡಿದ್ರು, ನಾನು ಅವರ ಜೊತೆ ಬಂದಿಲ್ಲ ಅನ್ನೋ ಹಾಗೆ ಬ್ರೆಡ್ ಕಡೆ ಹೋದೆ.

ಹಾಸನ_ಎಕ್ಸ್‌ಪ್ರೆಸ್
ಊದಿದ್ರಲ್ಲಿ ಐದು ತಗೊಂಡಿತು. ಅದನ್ನೂ ಬರಿ.

ತಿಂಡಿ_ಮೊದಲು
3 ಯೂರೋ 50 ಸೆಂಟಲ್ಲಿ 1.25 ಬಂತು, ಪರವಾಗಿಲ್ಲ ಲಾಸೇನಿಲ್ಲ. ಬಾರ್‌ಕೋಡ್ ಓದೋಕಾದ್ರೆ ತಗೊಳ್ಳುತ್ತೆ ಅದು. ಮೇಡಂ ಮೊಸರಿಗೆ "ನಾಟೂರ್‌ಯೋಗುರ್ಟ್" 3.5% ತಗೊಳಿ, ಮದುವೆಮನೆ ಥರ ಗಟ್ಟಿ ಬೇಕಂದ್ರೆ 10% ಗ್ರೀಕ್ ಮಾದರಿದು. ಉಪ್ಪಿಟ್ಟಿಗೆ ಪ್ಯಾಕೆಟ್ ಮೇಲೆ "ವೈಖ್‌ವೈಟ್ಸನ್‌ಗ್ರೀಸ್" ಅಂತಿರೋ ರವೆ, "ಹಾರ್ಟ್‌ವೈಟ್ಸನ್" ಅಂತಿರೋದು ಇವರು ಪಾಸ್ತಾಗೆ ಬಳಸೋ ಗೋಧಿ, ಬಾಯಿಗೆ ಬೇರೆ ಥರ ಸಿಗುತ್ತೆ. ತುಪ್ಪ ಊರಿಂದ ತರೋ ಹಾಗಿಲ್ಲ, ಹಾಲಿನ ಪದಾರ್ಥ ಯಾವುದೂ ಯೂರೋಪಿನ ಒಳಗೆ ಬ್ಯಾಗಲ್ಲಿ ತರೋಕೆ ಬಿಡಲ್ಲ, ಇಲ್ಲಿ "ಬಟರ್‌ಶ್ಮಾಲ್ಟ್ಸ್" ಅಂತ ಸಿಗುತ್ತೆ, ತುಪ್ಪಾನೇ ಅದು, ಘಮ ಸ್ವಲ್ಪ ಕಮ್ಮಿ. ದೋಸೆ ಹಿಟ್ಟು ಉಬ್ಬಬೇಕಾ? ಓವನ್ ಒಳಗಿಟ್ಟು ಲೈಟ್ ಮಾತ್ರ ಹಾಕಿ ರಾತ್ರಿ ಬಿಡಿ. ಲೈಟ್ ಮಾತ್ರ! ನನ್ನ ರೂಮ್‌ಮೇಟ್ ಓವನ್ನೇ ಹಾಕಿ ಮಲಗಿ ಪಾತ್ರೆ ಆಕಾರದ ಇಡ್ಲಿ ಮಾಡಿದ್ದ.

ಕುಡ್ಲದ_ಕಾಗೆ
ಮ್ಯೂನಿಕಲ್ಲಿ ನಮಗೆ ಎಂತ ಆಯ್ತು ಗೊತ್ತುಂಟಾ? ಮನೆ ಕೀ ತಗೊಂಡು ಒಳಗೆ ಹೋದ್ರೆ ಅಡುಗೆಮನೆಯೇ ಇಲ್ಲ ಮಾರಾಯ್ರೆ. ರೂಮ್ ಉಂಟು, ಗೋಡೆಯಿಂದ ಎರಡು ಪೈಪ್ ಉಂಟು, ಒಂದು ದಪ್ಪ ವೈರ್ ನೇತಾಡ್ತಾ ಉಂಟು. ಸಿಂಕ್ ಸಮೇತ ಹಿಂದಿನ ಬಾಡಿಗೆಯವ ಬಿಚ್ಚಿಕೊಂಡು ಹೋಗಿದಾನೆ, ಇಲ್ಲಿ ಅದೇ ಕ್ರಮ ಅಂತೆ. ಒಂದೂವರೆ ತಿಂಗಳು ಬಾತ್‌ರೂಮಲ್ಲಿ ಪಾತ್ರೆ ತೊಳೆದದ್ದು. ಗಂಡ ಇಂಡಕ್ಷನ್ ಸ್ಟವ್ ಇಸ್ತ್ರಿ ಟೇಬಲ್ ಮೇಲೆ ಇಟ್ಟು ನೀರ್‌ದೋಸೆ ಹೊಯ್ತಿದ್ರು, ಅದೊಂದು ಸರ್ಕಸ್.

ಸುಮ್ನೆ_ನೋಡ್ತೀನಿ
ಇಸ್ತ್ರಿ ದೋಸೆ

ನಿಘಂಟು_ಹುಳ
ಎಸ್ಲಿಂಗನ್ ಅಂದ್ರಲ್ಲ, ವಿಷಯ ಬಿಟ್ಟು ಒಂದು ಮಾತು. ಹರ್ಮನ್ ಮೋಗ್ಲಿಂಗ್ ಗೊತ್ತಲ್ಲ, 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆ. ಅವರು 1881ರಲ್ಲಿ ತೀರಿಕೊಂಡಿದ್ದು ನಿಮ್ಮ ಎಸ್ಲಿಂಗನ್‌ನಲ್ಲೇ. 1894ರ ಕನ್ನಡ ನಿಘಂಟು ಮಾಡಿದ ಕಿಟೆಲ್ ಕೊನೆಗಾಲದಲ್ಲಿ ಇದ್ದಿದ್ದು ಟ್ಯೂಬಿಂಗನ್, 1903ರಲ್ಲಿ ಅಲ್ಲೇ ಹೋದ್ರು, ನಿಮ್ಮಲ್ಲಿಂದ ರೈಲಲ್ಲಿ ಗಂಟೆ ದಾರಿ. ಅವರಿಬ್ಬರಲ್ಲಿ ಯಾರಾದ್ರೂ ಇದ್ದಿದ್ರೆ ಆ ಚೀಟಿ ತಗೊಂಡು ಹೋಗಿ ಕೇಳಬಹುದಿತ್ತು, ಕೇರ್ ಅನ್ನೋದಕ್ಕೂ ನಮ್ಮ ಕೇರೋದಕ್ಕೂ ಸಂಬಂಧ ಇಲ್ಲ ಅಂತಾನೂ ಅವರೇ ಧಾರವಾಡದವರಿಗೆ ಹೇಳ್ತಿದ್ರು.

ಧಾರವಾಡ_ಫೇಡೆ
ಸಂಬಂಧ ಇಲ್ಲಂತ ನನಗೂ ಗೊತ್ತೈತ್ರಿ ಸರ, ಚಾಷ್ಟಿ ಮಾಡಿದ್ದು. ಕಿಟೆಲ್ ಸಾಹೇಬ್ರು ನಮ್ಮ ಧಾರವಾಡದಾಗೂ ಇದ್ದರು ಹೌದಲ್ಲೋ, ಚಾಷ್ಟಿ ತಿಳಿತಿತ್ತು ಅವರಿಗೆ.

ಕುಡ್ಲದ_ಕಾಗೆ
ಆ ಇಬ್ಬರು ಪಾದ್ರಿಗಳ ಬಾಸೆಲ್ ಮಿಶನ್‌ನವರು ಈ ಕಡೆಯಿಂದ ಬಂದು ನಮಗೆ ಹೆಂಚು ಮಾಡೋದು ಕಲಿಸಿದ್ದು. ಈಗ ನಾವು ಇಲ್ಲಿ ಬಂದು ಅವರ ಮೆಟ್ಟಿಲು ಒರೆಸೋದು. ಲೆಕ್ಕ ಸರಿ ಆಯ್ತಲ್ಲ.

ಹಳೇ_ತಲೆ
ಎಲ್ಲಿಂದೆಲ್ಲಿಗೆ ಹೋಗ್ತಿದೀರಪ್ಪ. ಮೇಡಂ, ಮುಂದಿನ ಸಲಕ್ಕೆ ಮೂರು ಮಾತು ನೆನಪಿಟ್ಕೊಳಿ. ಶನಿವಾರ ಬೆಳಿಗ್ಗೆ ಮಾಡಿ, ಭಾನುವಾರ ಮಾತ್ರ ಬೇಡ, ಅವತ್ತು ಸದ್ದು ಮಾಡೋ ಯಾವ ಕೆಲಸಾನೂ ಮಾಡೋ ಹಾಗಿಲ್ಲ, ಗಾಜಿನ ಬಾಟ್ಲಿ ಡಬ್ಬಕ್ಕೆ ಹಾಕೋದೂ ಇಲ್ಲ. ಬಕೆಟ್ ಇಡುವಾಗ ಸ್ವಲ್ಪ ಜೋರಾಗಿ "ಠಣ್" ಅಂತ ಇಡಿ. ಇದು ತಮಾಷೆ ಅಲ್ಲ. ಮೆಟ್ಟಿಲು ಎಷ್ಟು ಶುದ್ಧ ಅನ್ನೋದಕ್ಕಿಂತ ನೀವು ಒರೆಸಿದ್ದು ನಾಲ್ಕು ಜನಕ್ಕೆ ಗೊತ್ತಾಗೋದು ಮುಖ್ಯ. ನಾನು ಮೊದಲನೇ ವರ್ಷ ಗುರುವಾರ ರಾತ್ರಿ ಹತ್ತಕ್ಕೆ ಸದ್ದಿಲ್ಲದೆ ಒರೆಸ್ತಿದ್ದೆ, ಎಲ್ಲರೂ ನಾನು ಮಾಡೋದೇ ಇಲ್ಲ ಅನ್ಕೊಂಡಿದ್ರು. ಮತ್ತೆ ಮೂರನೇದು, ದಯವಿಟ್ಟು ಮೆಟ್ಟಿಲ ಮೇಲೆ ಅಕ್ಕಿ ಹಿಟ್ಟು ಉದುರಿಸ್ಬೇಡಿ, ಯಾರಾದ್ರೂ ಜಾರಿ ಬಿದ್ರೆ ನಿಮ್ಮ ತಲೆಗೆ ಬರುತ್ತೆ. ಹಾಫ್ಟ್‌ಫ್ಲಿಖ್ಟ್ ಇನ್ಶೂರೆನ್ಸ್, ಅಂದ್ರೆ ನಮ್ಮಿಂದ ಬೇರೆಯವರಿಗೆ ನಷ್ಟ ಆದ್ರೆ ತುಂಬಿಕೊಡೋದು, ಮಾಡಿಸಿದೀರಾ? ಇಲ್ದಿದ್ರೆ ಇವತ್ತೇ ಮಾಡಿಸಿ, ರಂಗೋಲಿ ಹಾಕಿದ್ರೂ ಹಾಕದಿದ್ರೂ.

ಹಾಸನ_ಎಕ್ಸ್‌ಪ್ರೆಸ್
ಮಾಡ್ಸಿದೀನಿ ಸಾರ್. ಇವಳು ಮೆಟ್ಟಿಲಿಗೆ ಹಾಕೋಕೆ ಹೊರಟಿದ್ಲು, ನಾನೇ ಡಬ್ಬ ಮೇಲಿಟ್ಟೆ.

ಅಂದಹಾಗೆ ಆಫೀಸಲ್ಲಿ ಮಧ್ಯಾಹ್ನ ಯಾರು ಎದುರು ಸಿಕ್ರೂ "ಮಾಲ್‌ಟ್ಸೈಟ್" ಅಂತಾರೆ, ಅದೇನು? ಡಿಕ್ಷನರೀಲಿ ಊಟ ಅಂತಿತ್ತು. ಕೇಳ್ತಿದಾರೆ ಅನ್ಕೊಂಡು ಒಂದು ತಿಂಗಳು ಎಲ್ಲರಿಗೂ ನಿಂತು "ನಂದಾಯ್ತು, ನಿಮ್ದು?" ಅಂತ ಇಂಗ್ಲಿಷಲ್ಲಿ ಉತ್ತರ ಕೊಟ್ಟಿದೀನಿ. ಟಾಯ್ಲೆಟ್ ಬಾಗಿಲಲ್ಲೂ ಒಬ್ರಿಗೆ ಹೇಳಿದೀನಿ.

ತಿಂಡಿ_ಮೊದಲು
ಅಯ್ಯೋ ಅದು ನಮಸ್ಕಾರ ಅಷ್ಟೇ ಗುರು, ವಾಪಸ್ "ಮಾಲ್‌ಟ್ಸೈಟ್" ಅಂದು ನಡೀತಿರೋದು. ನಮ್ಮಲ್ಲಿ "ಊಟ ಆಯ್ತಾ" ಅಂದ್ರೆ ನಿಜವಾಗ್ಲೂ ಮೆನು ಹೇಳ್ತಾರಾ?

ಧಾರವಾಡ_ಫೇಡೆ
ನಮ್ಮಲ್ಲಿ ಹೇಳ್ತಾರ್ರೀ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಎಲ್ಲಾ ಹೇಳ್ತಾರ.

ಬರ್ಲಿನ್_ಬೋಂಡ
ಸರಿ ಆ ಚೀಟಿ ಬರೆದಿದ್ದು ಯಾರು? ಅದು ಗೊತ್ತಾಗದೆ ತೀರ್ಪು ಕೊಡೋ ಹಾಗಿಲ್ಲ. ನನಗೆ ಅಜ್ಜಿ ಮೇಲೆ ಡೌಟು.

ಹೊಯ್ಸಳಕಟ್ಟೆ
ಅಪ್‌ಡೇಟ್. ಇವತ್ತು ಧೈರ್ಯ ಮಾಡಿ ಒಂದು ಡಬ್ಬೀಲಿ ಕೋಡುಬಳೆ ಹಾಕ್ಕೊಂಡು ಅಜ್ಜಿ ಮನೆಗೆ ಹೋದೆ. ಚೀಟಿ ತೋರಿಸಿದ್ರೆ ಕನ್ನಡಕ ಹಾಕಿ ಓದಿ, ಇದು ನನ್ನ ಅಕ್ಷರ ಅಲ್ಲ, ಮೇಲಿನ ಮನೆಯವರದ್ದು ಅಂತ ಬೆರಳು ಮೇಲೆ ತೋರಿಸಿದ್ರು. ಮೇಲಿನವರು ನಮ್ಮ ಮೆಟ್ಟಿಲು ದಾಟಿ ಹೋಗ್ಬೇಕಲ್ಲ, ಅದಕ್ಕೆ. ಹಾಗಾಗಿ ಬೈಗುಳಾನೇ, ನಾನು ಸೋತೆ.

ಆದ್ರೆ ಕೇಳಿ, ಆ ವಾರ ಹೊರಗಡೆ ಗುಡಿಸೋ ದೊಡ್ಡ ಪಾಳಿ ಇದ್ದಿದ್ದು ಅಜ್ಜೀದು! ಅವರು ಶನಿವಾರ ಪೊರಕೆ ಹಿಡ್ಕೊಂಡು ಹೊರಗೆ ಬಂದ್ರೆ ಎಲ್ಲ ಆಗಿಹೋಗಿದೆ. ಖುಷಿಯಾಯ್ತಾ ಅಂದೆ. ಇಲ್ಲ, ಒಂಬತ್ತು ಗಂಟೆಗೇ ಮಾಡಿಬಿಟ್ಟಿದೀರಾ, ನಾನು ಮಲಗಿದ್ದೆ ಅಂತ ಬೀದಿಯವರೆಲ್ಲ ಅನ್ಕೊಂಡಿರ್ತಾರೆ ಅಂದ್ರು. ಆಮೇಲೆ ದನಿ ತಗ್ಗಿಸಿ ಕೇಳಿದ್ರು, ಆ ಬಿಳಿ ಪುಡಿ ಇರುವೆ ಕೊಲ್ಲೋ ಔಷಧೀನಾ, ತುಂಬ ಅಚ್ಚುಕಟ್ಟಾಗಿ ಹಾಕಿದೀರಾ ಅಂತ.

ನಾನು ಇಲ್ಲ ಅಕ್ಕಿ ಹಿಟ್ಟು, ಇರುವೆಗಳು ತಿನ್ಲಿ ಅಂತಾನೇ ನಮ್ಮ ಹಿರಿಯರು ಹಾಕ್ತಿದ್ರು ಅಂತ ಅಭಿಮಾನದಿಂದ ಹೇಳ್ದೆ. ಅಜ್ಜಿ ಮುಖ ನೋಡ್ಬೇಕಿತ್ತು ನೀವು. ಅವರು ಏಪ್ರಿಲ್‌ನಿಂದ ದುಡ್ಡು ಕೊಟ್ಟು ಇರುವೆ ಔಷಧಿ ಇಡ್ತಿದಾರಂತೆ, ಅದೇ ಬಾಗಿಲ ಮುಂದೆ.

ಕುಡ್ಲದ_ಕಾಗೆ
ನಕ್ಕು ನಕ್ಕು ಸಾಕಾಯ್ತು ಮಾರಾಯ್ರೆ. ಒಂದು ಕಡೆ ಊಟ, ಒಂದು ಕಡೆ ವಿಷ. ಇರುವೆಗಳಿಗೆ ಬಿಲ್ಡಿಂಗಿನ ಮೇಲೆ ಎಂತ ಅಭಿಪ್ರಾಯ ಇರಬಹುದು.

ಜಯನಗರ4ನೇಬ್ಲಾಕ್
ಇದು ಚೆನ್ನಾಗಿತ್ತು. ನಾನು ಮೊದಲು ಹೇಳಿದ್ದು ವಾಪಸ್ ತಗೋತೀನಿ, ಅರ್ಧ. ಅಜ್ಜಿ ಕೋಡುಬಳೆ ತಿಂದ್ರಾ?

ಹೊಯ್ಸಳಕಟ್ಟೆ
ಎರಡು ತಿಂದ್ರು, ಮೂರನೇದಕ್ಕೆ ಕಣ್ಣಲ್ಲಿ ನೀರು, ಆದ್ರೂ ಡಬ್ಬಿ ವಾಪಸ್ ಕೊಟ್ಟಿಲ್ಲ. ಡಬ್ಬಿ ಕೇಳೋಕೆ ಹೋಗ್ಲಾ ಬೇಡ್ವಾ ಅನ್ನೋದು ಮುಂದಿನ ಪ್ರಶ್ನೆ.

ಇನ್ನೊಂದು ಮಜಾ. ಇಲ್ಲಿ ಪೋಸ್ಟ್‌ನವರು ಫ್ಲಾಟ್ ನಂಬರ್ ನೋಡಲ್ಲ, ಡಬ್ಬಿ ಮೇಲಿನ ಹೆಸರು ನೋಡಿ ಕಾಗದ ಹಾಕೋದು. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮಪ್ಪನ ಹೆಸರಿದೆ, ಇವರಿಗೆ ಅವರಪ್ಪನ ಹೆಸರು. ಮೊದಲು ಇವರದ್ದು ಮಾತ್ರ ಅಂಟಿಸಿದ್ವಿ, ನನ್ನ ಬ್ಯಾಂಕ್ ಕಾರ್ಡ್ ಎರಡು ಸಲ ವಾಪಸ್ ಹೋಯ್ತು. ಆಮೇಲೆ ಎರಡೂ ಹೆಸರು ಅಂಟಿಸಿದ್ವಿ. ಅಜ್ಜಿ ಇವತ್ತು ಕೇಳ್ತಾರೆ, ನಿಮ್ಮ ಮನೇಲಿ ಇನ್ನೊಬ್ಬ ಗಂಡಸು ಇದಾರಲ್ಲ, ಡಬ್ಬಿ ಮೇಲೆ ಹೆಸರಿದೆಯಲ್ಲ, ಅವರು ಯಾಕೆ ಒಂದು ದಿನಾನೂ ಹೊರಗೆ ಬರಲ್ಲ, ಪೊರಕೆ ಹಿಡಿಯಲ್ಲ, ಕಾಯಿಲೇನಾ ಅಂತ. ನಮ್ಮಪ್ಪ ಹಾಸನದಲ್ಲಿ ರಿಟೈರ್ ಆಗಿ ತೋಟ ನೋಡ್ಕೊಂಡಿದಾರೆ ಅಂತ ಮುರುಕು ಜರ್ಮನ್‌ನಲ್ಲಿ ಹೇಳ್ದೆ, ಅರ್ಥ ಆಯ್ತೋ ಇಲ್ವೋ, ಪಾಪ ಅಂತ ತಲೆ ಅಲ್ಲಾಡಿಸಿದ್ರು.

ತಿಂಡಿ_ಮೊದಲು
ಡಬ್ಬಿ ಮರೆತುಬಿಡಿ.

ಹಾಸನ_ಎಕ್ಸ್‌ಪ್ರೆಸ್
ಪಂಥದ ಪ್ರಕಾರ ಒಂದು ವರ್ಷ ಪಾಳಿ ಇವಳದ್ದು, ಎಲ್ಲರೂ ಸಾಕ್ಷಿ. ಆದ್ರೆ ಸಮಸ್ಯೆ ಏನಂದ್ರೆ ಈಗ ಇವಳು ಒಬ್ಬಳೇ ಮೆಟ್ಟಿಲು ಒರೆಸೋದು ಅಜ್ಜಿ ನೋಡಿದ್ರೆ ಬಿಲ್ಡಿಂಗಲ್ಲಿ ಕಾಯಿಲೆ ಬಿದ್ದಿರೋ ಗಂಡಸರ ಸಂಖ್ಯೆ ಎರಡಾಗುತ್ತೆ. ಗೆದ್ದು ಏನು ಬಂತು ಅಂತ ಯೋಚಿಸ್ತಿದೀನಿ.

ಹಳೇ_ತಲೆ
ಬಕೆಟ್ ನೀವು ಎತ್ಕೊಂಡು ಹೋಗಿ ಠಣ್ ಅಂತ ಇಡಿ, ಒರೆಸೋದು ಅವರು ಒರೆಸಲಿ.

ಹೊಯ್ಸಳಕಟ್ಟೆ
ಇದನ್ನೆಲ್ಲ ಫೋನಲ್ಲಿ ಅಪ್ಪಂಗೆ ಹೇಳ್ದೆ. ನಗ್ತಾರೆ ಅನ್ಕೊಂಡ್ರೆ ಸೀರಿಯಸ್ಸಾಗಿ ಕೇಳ್ತಿದಾರೆ, ನನ್ನ ಹೆಸರು ಬೋರ್ಡ್ ಮೇಲೆ ಹಾಕಿ ಸೋಮಾರಿ ಅನ್ನಿಸ್ತಿದೀರಲ್ಲಮ್ಮ, ವಿಸಿಟಿಂಗ್ ವೀಸಾ 90 ದಿನಕ್ಕೆ ಕೊಡ್ತಾರಂತೆ, ಅಷ್ಟರಲ್ಲಿ ನನ್ನ ಪಾಳಿ ಎಷ್ಟು ಸಲ ಬರುತ್ತೆ ಅಂತ. ಬರುವಾಗ ತೆಂಗಿನಗರಿ ಪೊರಕೆ ತರ್ತಾರಂತೆ.

ಸುಮ್ನೆ_ನೋಡ್ತೀನಿ
ಸಣ್ಣದು ಆರು ಸಲ, ದೊಡ್ಡದು ಎರಡು ಸಲ. ಟಿಕೆಟ್ ಬುಕ್ ಮಾಡಿ.